ಎಡಚಿಯೇ ಆಗಬೇಕು

ಊರಿಗೆ ಊರೇ ಅಲ್ಲಾಡಿಹೋದ ಆ ದಿನದ ಗದ್ದಲಕ್ಕೆಲ್ಲ ಮೂಲ ಒಂದು ರೆಕ್ಕೆ. ಹಕ್ಕಿಯದಲ್ಲ, ಮೀನಿನದು. ಬೆನ್ನ ಮೇಲೆ ಬಾವುಟದಂತೆ ಮೆರೆಯುತ್ತದಲ್ಲ, ಆ ರೆಕ್ಕೆಯೂ ಅಲ್ಲ. ಹೊಟ್ಟೆಯ ಕೆಳಗೆ, ಹಿಂದಕ್ಕೆ, ನಾಚಿಕೊಂಡು ಕೂತಿರುವ ಒಂದು ಚೂರು. ಅದು ನೆಟ್ಟಗಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅದು ಬಲಕ್ಕೆ ವಾಲಿತ್ತು.

ಮೀನಿನ ಯಜಮಾನ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಲೆನ್ಸು ಉಜ್ಜುವವನು. ಉಜ್ಜಿ ಉಜ್ಜಿ ಅಪ್ಪ ಅಮ್ಮ ಇಟ್ಟ ಹೆಸರೂ ಸವೆದುಹೋಗಿ ಉಜ್ಜಪ್ಪ ಅಂತಲೇ ಆಗಿದ್ದ. ಕೆಲಸದಲ್ಲಿ ಅವನನ್ನು ಮೀರಿಸುವವನು ಏಳು ಸಮುದ್ರದ ಆಚೆಗೂ ಇರಲಿಲ್ಲ. ಅವನು ಉಜ್ಜಿದ ಗಾಜು ಹಾಕಿಕೊಂಡ ಒಬ್ಬ ಮುದುಕ ಚಂದ್ರನ ಮೇಲಿನ ಕಲ್ಲು ಎಣಿಸಿ, ಮಾರನೆಯ ರಾತ್ರಿ ಒಂದು ಕಡಿಮೆ ಬಂತು ಅಂತ ಗಲಾಟೆ ಮಾಡಿದ್ದ. ಹೀಗೆ ಊರಿಗೆಲ್ಲ ಕಣ್ಣು ಹಂಚಿದ ಮಹಾನುಭಾವನಿಗೆ ಒಬ್ಬಳನ್ನು ಕಣ್ಣೆತ್ತಿ ನೋಡುವ ಧೈರ್ಯ ಮಾತ್ರ ಇರಲಿಲ್ಲ.

ಆ ಒಬ್ಬಳೆಂದರೆ ಅದೇ ಬೀದಿಯ ಕೊನೆಯಲ್ಲಿ ಮೀನಿನಂಗಡಿ ಇಟ್ಟಿದ್ದವಳು. ತಿನ್ನುವ ಮೀನಲ್ಲ, ಗಾಜಿನ ತೊಟ್ಟಿಯಲ್ಲಿಟ್ಟು ನೋಡುವ ಮೀನು. ನಾಲ್ಕು ವರ್ಷದ ಹಿಂದೆ ಮಳೆಯಿಂದ ತಪ್ಪಿಸಿಕೊಳ್ಳಲು ಅಲ್ಲಿಗೆ ನುಗ್ಗಿದ ಉಜ್ಜಪ್ಪ, ಸುಮ್ಮನೆ ನಿಂತರೆ ಚೆನ್ನಾಗಿರೋದಿಲ್ಲ ಅಂತ ಒಂದು ಜೊತೆ ಗಪ್ಪಿ ಕೇಳಿದ. ಅವಳು ಕಟ್ಟಿಕೊಟ್ಟಳು. ಮಳೆ ನಿಂತಿತು. ಉಜ್ಜಪ್ಪನದು ಮಾತ್ರ ಅಲ್ಲಿಂದ ಶುರುವಾಯಿತು.

ಸಾಮಾನ್ಯ ಮೀನು ಕೇಳಿದರೆ ಕಷ್ಟ ಏನೆಂದರೆ, ಅದು ಅಂಗಡಿಯಲ್ಲಿ ಇದ್ದುಬಿಡುತ್ತದೆ. ಬಲೆ ಅದ್ದಿದಳು, ಹಿಡಿದಳು, ಕಟ್ಟಿದಳು, ಮುಗಿಯಿತು. ಹೊರಡಬೇಕು. ಅದೇ ಇಲ್ಲದ ಮೀನು ಕೇಳಿದರೆ? "ತರಿಸಬೇಕು," ಅನ್ನುತ್ತಾಳೆ. ತರಿಸುವ ತನಕ ವಾರಕ್ಕೆರಡು ಸಲ ಹೋಗಿ "ಬಂತಾ?" ಅನ್ನಬಹುದು. ಬರಲಿಲ್ಲ ಅಂದರೆ ಸಂತೋಷದಿಂದ ಮನೆಗೆ ಬರಬಹುದು. ಇಷ್ಟು ತಿಳಿದ ಮೇಲೆ ಉಜ್ಜಪ್ಪನ ಅಭಿರುಚಿ ಬೆಳೆಯಿತು ನೋಡಿ, ಬಿದಿರು ಬೆಳೆದ ಹಾಗೆ. ಕೆಳದವಡೆ ಮಾತ್ರ ಸೂಜಿಯಂತೆ ಮುಂದೆ ಚಾಚಿದ ಮೀನು ಬೇಕು ಅಂದ. ಚಿಟ್ಟೆಯ ಹಾಗೆ ಬಾಲ ಬಿಚ್ಚುವುದು ಬೇಕು ಅಂದ. ಹುಟ್ಟುವ ಮರಿಯ ಹೊಟ್ಟೆಗೆ ರಿಬ್ಬನ್ನಿನಂತೆ ಹೊಕ್ಕುಳಬಳ್ಳಿ ಅಂಟಿಕೊಂಡೇ ಬರುವ ಮೀನು ಎಲ್ಲೋ ಇದೆಯಂತೆ, ಅದು ಬೇಕೇ ಬೇಕು ಅಂದ. ಅವನ ಒಂಟಿ ಕೋಣೆಯಲ್ಲಿ ತೊಟ್ಟಿಗಳು ಎಷ್ಟಾದವೆಂದರೆ ಮಂಚಕ್ಕೆ ಜಾಗ ಸಾಲದೆ ಅವನು ನಿಂತುಕೊಂಡೇ ಮಲಗುವುದನ್ನು ಕಲಿತ.

ಒಂದು ವಿಷಯದಲ್ಲಿ ಮಾತ್ರ ಅವನು ಕಟ್ಟುನಿಟ್ಟು. ಮರಿ ಹಾಕುವ ಮೀನೇ ಆಗಬೇಕು. ಅದಕ್ಕೂ ಅವಳೇ ಕಾರಣ. ಒಂದು ದಿನ ಬಸುರಿ ಮೀನೊಂದನ್ನು ಬೇರೆ ತೊಟ್ಟಿಗೆ ಬಿಡುತ್ತ ಅವಳು ತನಗೆ ತಾನೇ ಅನ್ನುವ ಹಾಗೆ ಅಂದಿದ್ದಳು: "ಮೊಟ್ಟೆ ಇಡೋ ಮೀನು ಇಟ್ಟು ಹೋಗ್ತಾ ಇರುತ್ತೆ. ಇವು ಹಾಗಲ್ಲ. ಇರೋದನ್ನೆಲ್ಲ ಹೊಟ್ಟೆಯಲ್ಲೇ ಹೊತ್ತುಕೊಂಡು ತಿರುಗ್ತಾವೆ. ಅದಕ್ಕೇ ನನಗೆ ಇವು ಇಷ್ಟ."

ಆ ಮಳೆಯ ದಿನದಿಂದ ಒಂದೇ ಒಂದು ವಾಕ್ಯವನ್ನು ಹೊಟ್ಟೆಯಲ್ಲಿ ಹೊತ್ತುಕೊಂಡು ತಿರುಗುತ್ತಿದ್ದವನಿಗೆ ಇದು ತನ್ನನ್ನೇ ನೋಡಿ ಆಡಿದ ಮಾತು ಅನ್ನಿಸಿ ಕಣ್ಣು ಮಂಜಾಯಿತು. ಕನ್ನಡಕ ಒರೆಸಿಕೊಂಡ. ಕನ್ನಡಕದ ತಪ್ಪೇನೂ ಇರಲಿಲ್ಲ.

ಕೊನೆಗೆ ಬಂದದ್ದು ನಾಲ್ಕುಕಣ್ಣಿನ ಮೀನು. ಕಣ್ಣು ಎರಡೇ, ಆದರೆ ಒಂದೊಂದೂ ಅಡ್ಡಕ್ಕೆ ಎರಡು ಭಾಗ. ಮೇಲಿನರ್ಧ ನೀರಿನ ಹೊರಗೆ ನೋಡುತ್ತದೆ, ಕೆಳಗಿನರ್ಧ ಒಳಗೆ. ನೀರಿನ ಮಟ್ಟದಲ್ಲೇ ತೇಲುತ್ತ, ಲೋಕದ ಎರಡೂ ಕಡೆಯ ಲೆಕ್ಕ ಇಟ್ಟುಕೊಂಡಿರುತ್ತದೆ. ನೀರಿಗೆ ಹಿತವಾಗಿ ಸಮುದ್ರದುಪ್ಪು ಬೆರೆಸಬೇಕು, ತೊಟ್ಟಿಯನ್ನು ಅರ್ಧವೇ ತುಂಬಿಸಬೇಕು, ಮುಚ್ಚಳ ಮರೆತರೆ ಹಾರಿ ಬೀದಿಗೆ ಬೀಳುತ್ತದೆ. ತರಿಸಿದ್ದರಲ್ಲಿ ಬದುಕಿ ಬಂದದ್ದು ಒಂದೇ ಗಂಡು. ಅದನ್ನು ಕೊಡುವಾಗ ಅವಳು, "ಇದರ ಮರಿ ನೋಡಬೇಕು ಅಂತ ನನಗೆ ಬಹಳ ಆಸೆ. ಯಾರಾದರೂ ತಂದು ತೋರಿಸಿದರೆ…" ಅಂದು ನಿಲ್ಲಿಸಿಬಿಟ್ಟಳು. ಬೇರೆ ಗಿರಾಕಿ ಬಂದಿದ್ದರು.

ತೋರಿಸಿದರೆ? ತೋರಿಸಿದರೆ ಏನು? ಆ ಒಂದು 'ರೆ' ಅಕ್ಷರವನ್ನು ಜೇಬಿನಲ್ಲಿಟ್ಟುಕೊಂಡು ಉಜ್ಜಪ್ಪ ಆರು ತಿಂಗಳು ಬದುಕಿದ. ಮರಿಗಳಾಗಬೇಕು, ಅವನ್ನು ತೆಗೆದುಕೊಂಡು ಹೋಗಬೇಕು, ಅವಳ ಮುಂದಿಟ್ಟು ತನ್ನ ವಾಕ್ಯ ಹೇಳಬೇಕು. ಮರಿ ಕೈಯಲ್ಲಿದ್ದರೆ ಮಾತು ಬರುತ್ತದೆ. ಬರಿಗೈಯಲ್ಲಿ ಬರುವುದಿಲ್ಲ. ಹೆಣ್ಣು ಮೀನು ಮುಂದಿನ ಸರಕಿನಲ್ಲಿ ಬರುತ್ತದೆ ಅಂತ ಅವಳು ಹೇಳಿದ್ದಳು.

ಸರಕು ಬರುವ ದಿನ ಬೆಳಿಗ್ಗೆ ಹಲ್ಲುಜ್ಜುತ್ತ ತೊಟ್ಟಿಯ ಕೆಳಗಿನಿಂದ ಬಗ್ಗಿ ನೋಡಿದಾಗಲೇ ಅವನಿಗೆ ಆ ರೆಕ್ಕೆ ಬಲಕ್ಕೆ ವಾಲಿದ್ದು ಕಂಡದ್ದು. ಗಂಡು ಹೆಣ್ಣನ್ನು ಕೂಡುವುದೇ ಆ ರೆಕ್ಕೆಯಿಂದ. ಬಾಯಿಯ ನೊರೆಯನ್ನೂ ಉಗಿಯದೆ ಫೋನು ಹಿಡಿದು ಮೆಟ್ಟಿಲ ಅಟ್ಟಣೆಗೆ ಓಡಿದ. ಆ ಕಟ್ಟಡದಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ, ಮನೆಯೊಡತಿ ದೊಡ್ಡಮ್ಮನ ಬಾಗಿಲ ಮುಂದೆ.

ಅವನು ಕರೆದದ್ದು ದೂರದೂರಿನ ಒಬ್ಬ ಮೀನುಹುಚ್ಚನನ್ನು. ಆ ಕಡೆಯಿಂದ ಮೀನುಹುಚ್ಚ ವಿವರಿಸಿದ: ಈ ಜಾತಿಯಲ್ಲಿ ಬಲಕ್ಕೆ ವಾಲಿದ ಗಂಡಿಗೆ ಎಡಕ್ಕೆ ತೆರೆದ ಹೆಣ್ಣೇ ಬೇಕು. ಇಬ್ಬರೂ ಒಂದೇ ಕಡೆಯವರಾದರೆ ಜನ್ಮವಿಡೀ ಜೊತೆಗೆ ಈಜಿದರೂ ಕೂಡುವುದಿಲ್ಲ.

ಈ ಕಡೆಯಿಂದ ಮೆಟ್ಟಿಲ ಮೇಲೆ ಕೇಳಿಸಿದ್ದು ಇಷ್ಟು:

"ನಮ್ಮವನು ಬಲಚ ಕಣ್ರೀ! … ಏನು? ಎಡಚಿಯೇ ಆಗಬೇಕಾ? … ಬಲಚಿ ತಂದರೆ? … ಅಯ್ಯೋ, ಒಟ್ಟಿಗೆ ಎಷ್ಟು ವರ್ಷ ಇದ್ದರೂ ಮಕ್ಕಳಾಗಲ್ವಾ? … ಆಯ್ತು, ಎಡಚಿಯೇ ನೋಡ್ತೀನಿ. … ವಯಸ್ಸು ಸ್ವಲ್ಪ ಆಗಿದ್ದರೂ ಪರವಾಗಿಲ್ಲ. ದಪ್ಪ ಇದ್ದಷ್ಟೂ ಒಳ್ಳೇದು. … ಏನಂದ್ರಿ, ಮೊದಲೇ ಬಸುರಿಯಾಗಿದ್ದರೆ? ಇನ್ನೂ ಒಳ್ಳೇದಲ್ವಾ! ಸಂತೋಷವಾಗಿ ಮನೆ ತುಂಬಿಸಿಕೊಳ್ತೀನಿ!"

ಬಾಗಿಲ ಹಿಂದೆ ದೊಡ್ಡಮ್ಮ ಬಟ್ಟೆ ಮಡಚುತ್ತಿದ್ದರು. ದೊಡ್ಡಮ್ಮನ ಕಿವಿಯೆಂದರೆ, ಮೂರು ಬೀದಿ ಆಚೆ ಇರುವೆ ಸೀನಿದರೆ ಇವರು ಇಲ್ಲಿಂದ "ಶೀತ ಆಯ್ತೇನೋ" ಅನ್ನುವ ಕಿವಿ. ಮಡಚಿದ ಬಟ್ಟೆ ಕೈಯಿಂದ ಜಾರಿತು. ಬಾಗಿಲು ಧಡಾರನೆ ತೆರೆಯಿತು.

"ಎಂಥ ದೊಡ್ಡ ಮನಸ್ಸೋ ಮಗನೇ ನಿಂದು!" ಅಂತ ಕಣ್ಣಲ್ಲಿ ನೀರು ತುಂಬಿಕೊಂಡರು. "ಬಸುರಿಯಾದರೂ ಸರಿ ಅಂದೆಯಲ್ಲ! ಇಷ್ಟು ವರ್ಷ ನಿನ್ನನ್ನ ಬರೀ ನೀರು ಪೋಲು ಮಾಡೋ ಬಾಡಿಗೆದಾರ ಅಂದುಕೊಂಡಿದ್ದೆ."

"ದೊಡ್ಡಮ್ಮ, ಅದು ಮೀನಿಗೆ…"

"ಗೊತ್ತಾಯ್ತು ಬಿಡು. ಮೀನರಾಶಿ. ಎಡಗೈ, ಮೀನರಾಶಿ, ಮೈಕೈ ತುಂಬಿಕೊಂಡಿರಬೇಕು. ಸರಿ."

"ರಾಶಿ ಅಲ್ಲ ದೊಡ್ಡಮ್ಮ, ಮೀನು! ಮೀನಿಗೇ ಎಡಚಿ!"

"ನಾಚಿಕೆ ನೋಡು ಇವನಿಗೆ!" ದೊಡ್ಡಮ್ಮ ಅವನ ಕೆನ್ನೆ ಹಿಂಡಿದರು. ನೊರೆ ಅವರ ಕೈಗೂ ಹತ್ತಿತು. "ಮೀನಿಗೆ ಎಲ್ಲಿಯದೋ ಕೈ? ಸುಳ್ಳು ಹೇಳೋಕೂ ಬರಲ್ಲ ಪಾಪ. ನನ್ನ ತಮ್ಮನ ಮಗಳು ಇದ್ದಾಳೆ ಕಣೋ, ಶಾಲೆಯಲ್ಲಿ ಆಟ ಕಲಿಸ್ತಾಳೆ. ಅಪ್ಪಟ ಎಡಚಿ. ಬಸುರಿ ಅಲ್ಲ. ಅದೊಂದು ಕೊರತೆ."

ಉಜ್ಜಪ್ಪ ಬಾಯಿ ತೆರೆದ. ನೊರೆ ಗಂಟಲಿಗೆ ಇಳಿಯಿತು. ಅವನು ಕೆಮ್ಮಿ ಮುಗಿಸುವುದರೊಳಗೆ ದೊಡ್ಡಮ್ಮ ಮೂರು ಫೋನು ಮಾಡಿ ಆಗಿತ್ತು.

ಅವನು ಕೆಲಸಕ್ಕೆ ಹೋಗಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅಂಗಡಿಯ ಮುಂದಿನ ಕೌಂಟರಿನಲ್ಲಿ ಕೂರುವವನಿಗೆ ತುತ್ತೂರಿ ಅಂತ ಅಡ್ಡಹೆಸರು. ಅವನಿಗೆ ಗುಟ್ಟು ಹೇಳುವುದೂ ಬೆಟ್ಟದ ಮೇಲೆ ನಿಂತು ಡಂಗುರ ಹೊಡೆಯುವುದೂ ಒಂದೇ, ಬೆಟ್ಟ ಹತ್ತುವ ಶ್ರಮ ಉಳಿಯುತ್ತದೆ ಅಷ್ಟೇ.

"ಬಾರಯ್ಯ ಮದುಮಗನೇ!" ಅಂತ ತುತ್ತೂರಿ ಎದ್ದು ನಿಂತ. "ನನಗೊಂದು ಮಾತು ಹೇಳಬಾರದಾ? ದಿನಕ್ಕೆ ಎಷ್ಟು ಹೆಂಗಸರು ಬರ್ತಾರೆ ಇಲ್ಲಿಗೆ! ನಾನು ಕೈ ನೋಡ್ತಿದ್ದೆ."

"ತುತ್ತೂರಿ, ನಿನಗೆ ಕೈ ಮುಗೀತೀನಿ, ಅದು ಮೀನು…"

"ಮೀನರಾಶಿ. ಗೊತ್ತು. ಅದನ್ನೂ ಕೇಳ್ತೀನಿ."

ಕೇಳಿಯೇ ಕೇಳಿದ. ಆ ಬೆಳಿಗ್ಗೆ ಅಂಗಡಿಗೆ ಬಂದ ಹೆಂಗಸರೆಲ್ಲರಿಗೂ ತುತ್ತೂರಿ ಮೊದಲು ಪೆನ್ನು ಕೊಟ್ಟು, "ಇಲ್ಲೊಂದು ಗೀಟು ಎಳೀರಿ, ಕಣ್ಣಿನ ಪರೀಕ್ಷೆ" ಅಂದ. ಬಲಗೈ ಚಾಚಿದವರಿಗೆ "ನಿಮ್ಮ ಕಣ್ಣು ಚೆನ್ನಾಗಿದೆ, ಹೋಗಿಬನ್ನಿ" ಅಂತ ವಾಪಸು ಕಳಿಸಿದ. ಒಬ್ಬ ಅಜ್ಜಿ ಎಡಗೈ ಚಾಚಿದಳು. ತುತ್ತೂರಿ ಕುಣಿದುಕೊಂಡು ಹಿಂದಿನ ಕೋಣೆಗೆ ಬಂದ. "ವಯಸ್ಸು ಆಗಿದ್ದರೂ ಪರವಾಗಿಲ್ಲ ಅಂದಿದ್ದೆಯಂತಲ್ಲ?"

ಉಜ್ಜಪ್ಪನ ಕಿವಿಗೆ ಏನೂ ಬೀಳುತ್ತಿರಲಿಲ್ಲ. ಯಂತ್ರ ತಿರುಗುತ್ತಿತ್ತು, ಗಾಜಿನ ಪುಡಿ ಬೆರೆತ ಹಾಲುಬಣ್ಣದ ನೀರು ಹರಿಯುತ್ತಿತ್ತು, ಅವನ ತಲೆಯಲ್ಲಿ ಒಂದೇ ಲೆಕ್ಕ: ಬೀದಿಯ ಈ ತುದಿಯಿಂದ ಆ ತುದಿಗೆ ಸುದ್ದಿ ಎಷ್ಟು ಹೊತ್ತಿಗೆ ತಲುಪೀತು? ಮೀನಿನಂಗಡಿಯವಳು ಎಡಚಿ ಅಲ್ಲ. ಎಷ್ಟು ಸಲ ನೋಡಿಲ್ಲ ಅವನು! ತೊಟ್ಟಿಯ ಮುಂದೆ ನಿಂತು ಮೀನು ನೋಡುವ ನೆಪದಲ್ಲಿ ಅವಳನ್ನೇ ನೋಡಿದ್ದಾನೆ. ಬಲಗೈಯಲ್ಲಿ ಬಲೆ ಹಿಡಿಯುತ್ತಾಳೆ, ಬಲಗೈಯಲ್ಲಿ ಮುಂಗುರುಳು ಹಿಂದಕ್ಕೆ ಸರಿಸುತ್ತಾಳೆ. ಆ ಬಲಗೈ ಅವನಿಗೆ ಕನಸಿನಲ್ಲೂ ಬರುತ್ತದೆ. 'ಎಡಗೈಯವಳೇ ಬೇಕಂತೆ ಇವನಿಗೆ' ಅಂತ ಅವಳ ಕಿವಿಗೆ ಬಿದ್ದರೆ? ನನಗಲ್ಲ, ಬಿಡು, ಅಂದುಕೊಂಡುಬಿಟ್ಟರೆ?

ಮಧ್ಯಾಹ್ನದ ಬಿಡುವಿನಲ್ಲಿ ಊಟ ಬಿಟ್ಟು ಓಡಿದ. ಅಂಗಡಿಗೆ ಬೀಗ. ಬಾಗಿಲಿಗೆ ರಟ್ಟೊಂದು ನೇತುಬಿದ್ದಿತ್ತು: 'ಮೀನು ತರಲು ಹೋಗಿದ್ದೇನೆ. ಸಂಜೆ ಬನ್ನಿ.' ಅಕ್ಷರಗಳೆಲ್ಲ ಗಾಳಿಗೆ ಸಿಕ್ಕ ಹುಲ್ಲಿನಂತೆ ಎಡಕ್ಕೆ ವಾಲಿದ್ದವು. ಎಂಥ ಮುದ್ದಾದ ಅಕ್ಷರ ಅಂದುಕೊಂಡ. 'ಬನ್ನಿ' ಅನ್ನುವುದು ಬೀದಿಗೆಲ್ಲ ಬರೆದದ್ದಾದರೂ, ಸುತ್ತಮುತ್ತ ಯಾರೂ ಇಲ್ಲದ್ದನ್ನು ನೋಡಿ, ತನಗೇ ಬರೆದದ್ದೆಂದು ಇಟ್ಟುಕೊಂಡ. ಬಾಗಿಲಿನ ಸಂದಿಯಿಂದ ಗಾಳಿಗುಳ್ಳೆಗಳ ಗುಳುಗುಳು ಕೇಳುತ್ತಿತ್ತು. ಅವಳಿಲ್ಲದಿದ್ದರೂ ಅವಳ ಅಂಗಡಿ ಉಸಿರಾಡುತ್ತಿತ್ತು. ಬಿಡುವು ಮುಗಿಯುವ ತನಕ ಅಲ್ಲೇ ನಿಂತಿದ್ದ.

ವಾಪಸು ಬಂದರೆ ಕೌಂಟರಿನ ಮುಂದೆ ಕೊರಳಿಗೆ ಸೀಟಿ ನೇತುಹಾಕಿಕೊಂಡ ಒಬ್ಬಳು ನಿಂತಿದ್ದಳು. ಭುಜ ನೋಡಿದರೆ ಆನೆಯನ್ನು ಎತ್ತಿ ಆಚೆಗಿಟ್ಟು ಕಸ ಗುಡಿಸಿ ಮತ್ತೆ ಇಟ್ಟಾಳು ಅನ್ನುವ ಹಾಗಿತ್ತು. ಆಟದ ಟೀಚರಮ್ಮ.

"ನೀವೇನಾ?" ಅಂದಳು. "ಅತ್ತೆ ಬೆಳಿಗ್ಗೆಯಿಂದ ಒಂಬತ್ತು ಸಲ ಫೋನು ಮಾಡಿದ್ರು. ನನ್ನ ಹೊಸ ಕನ್ನಡಕ ಹೇಗೂ ತಗೊಳ್ಳೋದಿತ್ತು, ಒಂದೇ ಓಡಾಟದಲ್ಲಿ ಎರಡು ಕೆಲಸ ಅಂತ ಬಂದೆ." ಎಡಗೈ ಚಾಚಿ ಅವನ ಕೈ ಕುಲುಕಿದಳು. ಅವನ ಬೆರಳುಗಳು ಒಂದಕ್ಕೊಂದು ಪರಿಚಯವಾದವು. "ಓಡ್ತೀರಾ?"

"ಎಲ್ಲಿಗೆ?"

"ಎಲ್ಲಿಗೂ ಅಲ್ಲ. ಸುಮ್ಮನೆ. ಮೈದಾನಕ್ಕೆ ಹತ್ತು ಸುತ್ತು?"

"ನಾನು ನಿಂತು ಕೆಲಸ ಮಾಡೋನು…"

"ಹೂಂ." ಆ ಹೂಂ ಒಂದರಲ್ಲೇ ಅವನು ಪಂದ್ಯದಿಂದ ಅರ್ಧ ಹೊರಗೆ ಬಿದ್ದಿದ್ದ. "ಸರಿ, ಕನ್ನಡಕ ಕೊಡಿ."

ಉಜ್ಜಪ್ಪ ಅವಳ ಲೆನ್ಸುಗಳನ್ನು ಫ್ರೇಮಿಗೆ ಕೂರಿಸಿದ. ಇಪ್ಪತ್ತು ವರ್ಷದಲ್ಲಿ ಕಣ್ಣು ಮುಚ್ಚಿಕೊಂಡು ಸಾವಿರಾರು ಕೂರಿಸಿದ ಕೈ. ಆದರೆ ಬೆಳಿಗ್ಗೆಯಿಂದ ಎಡ ಬಲ, ಎಡ ಬಲ ಅಂತ ಕೇಳಿ ಕೇಳಿ ಆ ಕೈಗೆ ತಲೆ ತಿರುಗಿತ್ತು. ಎಡಗಣ್ಣಿನದು ಬಲಕ್ಕೆ ಹೋಯಿತು, ಬಲಗಣ್ಣಿನದು ಎಡಕ್ಕೆ ಬಂತು. ಟೀಚರಮ್ಮ ಹಾಕಿಕೊಂಡಳು, ಬಾಗಿಲೆಂದು ಕನ್ನಡಿಯ ಕಪಾಟಿನೊಳಗೆ ನಡೆದಳು, ಸಾವರಿಸಿಕೊಂಡಳು.

"ಹೊಸದು, ಅಭ್ಯಾಸ ಆಗುತ್ತೆ," ಅಂತ ತುತ್ತೂರಿ ಅವಳನ್ನು ಬೀದಿಗೆ ದಾಟಿಸಿದ. ಅವಳು ಒಂದು ಕಂಬಕ್ಕೆ ದಾರಿ ಬಿಡಿ ಅನ್ನುತ್ತಿದ್ದದ್ದು ದೂರದವರೆಗೂ ಕೇಳಿಸುತ್ತಿತ್ತು.

ಸಂಜೆ ಅಂಗಡಿಯಿಂದ ಹೊರಬಿದ್ದ ಉಜ್ಜಪ್ಪ ಗಾಳಿಯನ್ನು ಹಿಂದೆ ಹಾಕಿದ. ಟೀಚರಮ್ಮ ನೋಡಿದ್ದರೆ ಅಲ್ಲೇ ಒಪ್ಪಿಬಿಡುತ್ತಿದ್ದಳು.

ಮೀನಿನಂಗಡಿ ತೆರೆದಿತ್ತು. ಹಚ್ಚಿದ ದೀಪಗಳಿಂದ ತೊಟ್ಟಿಗಳೆಲ್ಲ ಹಸಿರು ಕಿಟಕಿಗಳಂತೆ ಹೊಳೆಯುತ್ತಿದ್ದವು. ಅವಳು ಮೂಲೆಯಲ್ಲಿ ಸರಕಿನ ಪೆಟ್ಟಿಗೆ ಬಿಚ್ಚುತ್ತಿದ್ದಳು. ಉಜ್ಜಪ್ಪ ಎಂದಿನ ಹಾಗೆ ಅವಳಿಗೆ ಬೆನ್ನು ಕೊಟ್ಟು, ದೊಡ್ಡ ತೊಟ್ಟಿಯ ಗಾಜಿಗೆ ಮುಖ ಮಾಡಿ ನಿಂತ. ಗಾಜಿನಲ್ಲಿ ಅವಳ ನೆರಳು ತೇಲುತ್ತಿತ್ತು. ಎರಡು ಮೀನು ಅವಳ ಕೊರಳ ಬಳಿ ಹಾದುಹೋದವು.

"ಬಂತಾ?" ಅಂದ.

"ಬಂತು." ಆಮೇಲೆ ಅವಳೇ, ಅವತ್ತು ಮೊದಲ ಸಲ, ಮೀನಿನದಲ್ಲದ ಮಾತು ತೆಗೆದಳು. "ಒಂದು ಸುದ್ದಿ ಕೇಳಿದೆ. ಎಡಗೈ ಹುಡುಗಿ ಹುಡುಕ್ತಿದ್ದೀರಂತೆ? ಎಡಗೈಯವಳೇ ಆಗಬೇಕಂತೆ?"

ಆ ದನಿಯಲ್ಲಿ ಏನೋ ಇತ್ತು. ನಗುವೋ, ನಡುಕವೋ, ಎರಡರ ನಡುವಿನ ಮಟ್ಟದಲ್ಲಿ ತೇಲುವ ಇನ್ನೇನೋ. ಅದನ್ನು ಕೇಳುವ ಕಿವಿ ಉಜ್ಜಪ್ಪನಿಗೆ ಆ ಗಳಿಗೆಯಲ್ಲಿ ಇರಲಿಲ್ಲ. ಮುಟ್ಟಿಬಿಟ್ಟಿದೆ ಸುದ್ದಿ! ಮುಳುಗಿತು ಹಡಗು! ನಾಲ್ಕು ವರ್ಷ ಕಟ್ಟಿಹಾಕಿದ್ದ ಬಾಯಿ ಅಣೆಕಟ್ಟಿನಂತೆ ಒಡೆಯಿತು.

"ಶುದ್ಧ ಸುಳ್ಳು! ಎಡಗೈಯವರಾ? ನನಗಾ? ಎಡಗೈಯವರು ಅಂದರೆ ನನಗೆ ಮೊದಲಿಂದಲೂ ಆಗೋದಿಲ್ಲ! ಎಡಗೈಯಲ್ಲಿ ಲೋಟ ಹಿಡಿದವರನ್ನು ಕಂಡರೆ ನನ್ನ ಬಾಯಾರಿಕೆಯೇ ಹೋಗುತ್ತೆ. ಜೀವಮಾನವಿಡೀ ಒಂಟಿಯಾಗಿ ಇದ್ದೇನು, ಎಡಗೈ ಹೆಂಗಸಿನ ಜೊತೆ ಒಂದು ಸಂಜೆ ಕೂಡ ಕೂರಲಾರೆ! ನನಗೆ ಬೇಕಾಗಿರೋದು…" ಇಲ್ಲಿಗೆ ಬಂದಾಗ ತನ್ನ ಧೈರ್ಯಕ್ಕೆ ತಾನೇ ಬೆರಗಾದ. ಇದೇ ಸಮಯ. ಮರಿ ಇಲ್ಲದಿದ್ದರೂ ಮಾತು ಬಂದಿದೆ. ಹೇಳಿಬಿಡಬೇಕು. ಹೇಳುವ ಮಾತನ್ನು ಮುಖ ನೋಡಿ ಹೇಳಬೇಕು. ಗಾಜಿನಿಂದ ಕಣ್ಣು ಕಿತ್ತು, ನಾಲ್ಕು ವರ್ಷದಲ್ಲಿ ಮೊದಲ ಸಲ, ಗರ್ರನೆ ಅವಳ ಕಡೆ ತಿರುಗಿ ನಿಂತ.

ಅವಳು ಬಲೆಯನ್ನು ಎಡಗೈಯಲ್ಲಿ ಹಿಡಿದಿದ್ದಳು.

ಬೆರಳುಗಳು ಅದರ ಹಿಡಿಯ ಸುತ್ತ ಹುಟ್ಟಿನಿಂದ ಅಲ್ಲೇ ಇದ್ದಂತೆ ಕೂತಿದ್ದವು. ಮುಂಗುರುಳೊಂದು ಮುಖಕ್ಕೆ ಬಿತ್ತು. ಅವಳು ಅದನ್ನೂ ಎಡಗೈಯ ಹಿಂಬದಿಯಿಂದಲೇ ಸರಿಸಿದಳು.

ಗಾಜು! ದಿನಬೆಳಗಾದರೆ ಗಾಜಿನ ಜೊತೆಯೇ ಬದುಕುವವನಿಗೆ ಗಾಜು ಕೈಕೊಟ್ಟಿತ್ತು. ನಾಲ್ಕು ವರ್ಷ ಅದರಲ್ಲಿ ಅವನು ಕಂಡದ್ದೆಲ್ಲ ತಿರುವುಮುರುವು, ಎಡ ಬಲವಾಗಿ. ಕನಸಿಗೆ ಬರುತ್ತಿದ್ದ ಆ ಬಲಗೈ ಅವಳಿಗೆ ಇರಲೇ ಇಲ್ಲ.

"ಅಲ್ಲ!" ಅಂದ. "ಅಲ್ಲ ಅಲ್ಲ ಅಲ್ಲ! ತಪ್ಪು ಹೇಳಿದೆ! ಎಡಗೈಯವಳೇ ಬೇಕು! ಎಡಚಿ ಬಿಟ್ಟು ಲೋಕದಲ್ಲಿ ಇನ್ಯಾರೂ ಬೇಡ! ಎಡಚಿಯನ್ನೇ ಕಟ್ಟಿಕೊಳ್ಳೋದು ನಾನು!"

"ಒಪ್ಪಿಬಿಟ್ಟ!" ಅಂತ ಬಾಗಿಲಲ್ಲಿ ಸಿಡಿಲು ಬಡಿಯಿತು.

ದೊಡ್ಡಮ್ಮ. ಅವರ ಹಿಂದೆ ತುತ್ತೂರಿ. ತುತ್ತೂರಿಯ ಭುಜ ಹಿಡಿದುಕೊಂಡು ಹೆಜ್ಜೆ ಹೆಜ್ಜೆಗೂ ನೆಲ ತಡವುತ್ತಿದ್ದ ಟೀಚರಮ್ಮ. ಕನ್ನಡಕದ ದೂರು ಹೇಳಲು ಹೋದವಳನ್ನು ಅವರಿಬ್ಬರೂ ಮೆರವಣಿಗೆ ಮಾಡಿಕೊಂಡು ಇಲ್ಲಿಗೆ ತಂದಿದ್ದರು.

"ಕೇಳಿದೆಯಾ ಪುಟ್ಟೀ, ನಿನ್ನನ್ನ ಬಿಟ್ಟು ಇನ್ಯಾರೂ ಬೇಡವಂತೆ! ನಾಲ್ಕು ಜನರ ಮುಂದೆ ಕೂಗಿ ಹೇಳಿದ!"

"ದೊಡ್ಡಮ್ಮ, ಇವರಲ್ಲ…"

"ಇನ್ನೆಷ್ಟು ನಾಚಿಕೆಯೋ ನಿಂಗೆ?"

ತುತ್ತೂರಿ ಆಗಲೇ ಬೀದಿಗೆ ಮುಖ ಮಾಡಿ ಶುಭಸುದ್ದಿ ಊದುತ್ತಿದ್ದ. ಬೀದಿಯವರೆಲ್ಲ ಬಂದು ಇಣುಕಿದರು. ಆ ಪುಟ್ಟ ಅಂಗಡಿಯೊಳಗೆ ಅವತ್ತು ಎಷ್ಟು ಜನ ನುಗ್ಗಿದರೆಂದರೆ, ಜಾಗವಿಲ್ಲದೆ ಕೆಲವರು ತೊಟ್ಟಿಯೊಳಗೆ ನಿಂತಿದ್ದರೂ ಆಶ್ಚರ್ಯವಿಲ್ಲ. ಉಜ್ಜಪ್ಪ ಅವರೆಲ್ಲರ ತಲೆಯ ಮೇಲಿಂದ ಅವಳನ್ನು ಹುಡುಕುತ್ತಿದ್ದ. ಅವಳು ಬೆನ್ನು ತಿರುಗಿಸಿ ಪೆಟ್ಟಿಗೆಯ ದಾರ ಸುತ್ತುತ್ತಿದ್ದಳು. ಒಂದು ಸಲವೂ ತಿರುಗಲಿಲ್ಲ.

ಟೀಚರಮ್ಮ ಅವನ ಹತ್ತಿರ ಬಂದಳು. ಮುಖವನ್ನು ಮುಖಕ್ಕೆ ತಂದು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು. ಆಮೇಲೆ ಕೊರಳಿನ ಸೀಟಿ ಬಾಯಿಗಿಟ್ಟು ಪೀಪ್ ಅಂತ ಊದಿದಳು.

"ಅತ್ತೆ," ಅಂದಳು, "ಮಧ್ಯಾಹ್ನದಿಂದ ನನಗೆ ಈ ಮನುಷ್ಯ ಇಬ್ಬರಾಗಿ ಕಾಣ್ತಿದ್ದಾನೆ. ಇಬ್ಬರನ್ನೂ ಚೆನ್ನಾಗಿ ನೋಡಿದೆ. ಇಬ್ಬರೂ ಬೇಡ."

ಕನ್ನಡಕ ತೆಗೆದು ಅವನ ಅಂಗೈಯಲ್ಲಿಟ್ಟು, ಬರಿ ಕಣ್ಣಿನಲ್ಲಿ ಕಂಬ, ಕಟ್ಟೆ, ಮೆಟ್ಟಿಲು ಎಲ್ಲವನ್ನೂ ಸರಿಯಾಗಿ ತಪ್ಪಿಸಿಕೊಂಡು ನಡೆದುಹೋದಳು. ದೊಡ್ಡಮ್ಮ "ಪುಟ್ಟೀ, ಪುಟ್ಟೀ" ಅಂತ ಹಿಂದೆ ಓಡಿದರು. ತುತ್ತೂರಿಗೆ ಊದಿದ ಸುದ್ದಿಯನ್ನು ವಾಪಸು ಊದುವ ಕೆಲಸ ಬಂತು. ಜನ ತಮಗೇ ಯಾರೋ ಬೇಡ ಅಂದಂತೆ ಮುಖ ಸಣ್ಣ ಮಾಡಿಕೊಂಡು ಒಬ್ಬೊಬ್ಬರೇ ಕರಗಿದರು.

ಉಳಿದದ್ದು ಅವರಿಬ್ಬರು, ಮತ್ತೆ ಗಾಳಿಗುಳ್ಳೆಗಳು.

ದೇವರಿದ್ದಾನೆ! ಉಜ್ಜಪ್ಪ ಟೀಚರಮ್ಮನಿಗೆ ಮನಸ್ಸಿನಲ್ಲೇ ಅಡ್ಡಬಿದ್ದ. ಈಗ ಹೇಳಬಹುದು, ನಿಧಾನವಾಗಿ, ಸರಿಯಾಗಿ.

ಅವಳು ನೀರು ತುಂಬಿದ ಪ್ಲಾಸ್ಟಿಕ್ ಚೀಲವೊಂದನ್ನು ತಂದು ಅವನ ಮುಂದಿಟ್ಟಳು. ನೀರಿನ ಮಟ್ಟದಲ್ಲಿ ದುಂಡು ಹೊಟ್ಟೆಯ ಮೀನೊಂದು ತೇಲುತ್ತಿತ್ತು.

"ನಿಮ್ಮ ಹೆಣ್ಣು," ಅಂದಳು. "ಎಡಗಡೆಯದು. ಬಂದಿದ್ದರಲ್ಲಿ ಎಡಗಡೆಯದು ಇದೊಂದೇ. ಪೆಟ್ಟಿಗೆ ಬಿಚ್ಚಿದ ಕೂಡಲೇ ನಿಮಗೆ ಅಂತ ಎತ್ತಿಟ್ಟೆ."

ಅವನು ಚೀಲ ನೋಡಿದ, ಅವಳನ್ನು ನೋಡಿದ. "ಅಂದರೆ… ಎಡಚಿ ಅಂದದ್ದು ಮೀನಿಗೆ ಅಂತ ನಿಮಗೆ ಗೊತ್ತಿತ್ತಾ?"

"ಗಂಡು ಮೀನನ್ನ ಮಾರಿದವಳು ನಾನು. ಅದು ಬಲಗಡೆಯದು ಅಂತ ನನಗೆ ಗೊತ್ತಿರಲ್ವಾ? ಊರೆಲ್ಲ ಹುಡುಗಿ ಹುಡುಕುತ್ತಿದ್ದಾಗ ನಾನೊಬ್ಬಳೇ ಹೊಟ್ಟೆ ಹಿಡಿದುಕೊಂಡು ನಗ್ತಿದ್ದೆ."

"ಮತ್ತೆ ನನ್ನನ್ನ ಯಾಕೆ ಕೇಳಿದಿರಿ, ಎಡಗೈಯವಳೇ ಬೇಕಾ ಅಂತ?"

ಅವಳು ಚೀಲದ ಗಂಟನ್ನು ಇನ್ನೊಮ್ಮೆ ಬಿಗಿದಳು. ಬಿಗಿಯುವ ಅಗತ್ಯ ಇರಲಿಲ್ಲ.

"ಸುಮ್ಮನೆ. ನಾಲ್ಕು ವರ್ಷದಿಂದ ಬಂದು ಗಾಜು ನೋಡಿ ಹೋಗ್ತೀರಿ. ಏನೋ ಹೇಳೋದಿದೆ, ಬಾಯಿಗೆ ಬರ್ತಿಲ್ಲ ಅಂದುಕೊಂಡಿದ್ದೆ. ಈ ನೆಪದಲ್ಲಾದರೂ ಹೇಳಲಿ ಅಂತ ದಾರಿ ಮಾಡಿಕೊಟ್ಟೆ. ಹೇಳಿದಿರಲ್ಲ, ಎಡಗೈಯವರ ಜೊತೆ ಒಂದು ಸಂಜೆ ಕೂಡ ಕೂರಲಾರೆ ಅಂತ."

"ಅಯ್ಯೋ, ಆಮೇಲೆ ನಾನು ಎಡಗೈಯೇ ಬೇಕು ಅಂದೆನಲ್ಲ! ಕೂಗಿ ಹೇಳಿದೆನಲ್ಲ!"

"ಹೂಂ. ನನ್ನ ಕೈ ಕಂಡ ಮೇಲೆ." ಅವಳು ನಕ್ಕಳು. ಆ ನಗು ನೋಡಿ ಅವನಿಗೆ, ಇವಳ ಮುಖವನ್ನು ನೇರವಾಗಿ ನೋಡದೆ ಎಷ್ಟೊಂದು ಸಂಜೆಗಳನ್ನು ಹಾಳುಮಾಡಿಕೊಂಡೆ ಅನ್ನಿಸಿತು. "ಪಾಪ ಅನ್ನಿಸಿ ಮಾತು ತಿರುಗಿಸಿದಿರಿ. ಒಳ್ಳೆಯವರು ನೀವು. ಆದರೆ ಪಾಪ ಅಂತ ಯಾರೂ ನನ್ನ ಕೈ ಹಿಡಿಯೋದು ಬೇಡ."

ಇಲ್ಲ, ಪಾಪ ಅಂತ ಅಲ್ಲ, ಗಾಜು, ನೆರಳು, ತಿರುವುಮುರುವು, ಕನಸು, ಬಲಗೈ, ಮಳೆ, ಗಪ್ಪಿ. ಹೇಳಬೇಕಾದ್ದೆಲ್ಲ ಒಟ್ಟಿಗೆ ಬಾಗಿಲಿಗೆ ನುಗ್ಗಿ ಒಂದೂ ಹೊರಬರದೆ ಸಿಕ್ಕಿಹಾಕಿಕೊಂಡಿತು. ಉಜ್ಜಪ್ಪನ ತುಟಿಗಳು ನೀರಿನಿಂದ ಎತ್ತಿದ ಮೀನಿನ ಹಾಗೆ ತೆರೆದು ಮುಚ್ಚಿದವು.

ಅವಳು ಚೀಲವನ್ನು ಅವನ ಕೈಗಿತ್ತಳು. ಗಿರಾಕಿಗಳಿಗೆಲ್ಲ ಹೇಳುವ ದನಿಯಲ್ಲಿ ಹೇಳಿದಳು: "ಚೀಲವನ್ನ ಸ್ವಲ್ಪ ಹೊತ್ತು ಹಾಗೇ ತೊಟ್ಟಿಯಲ್ಲಿ ತೇಲಿಬಿಡಿ. ನೀರಿಗೆ ನೀರು ಒಗ್ಗಲಿ. ಆಮೇಲೆ ಬಿಡಿ. ಆತುರ ಮಾಡಬೇಡಿ, ಆಯ್ತಾ ಅಣ್ಣಾ?"

ಇಪ್ಪತ್ತು ವರ್ಷ ಅಂಗಡಿಯಲ್ಲಿ ದುಡಿದ ನಾಲಿಗೆ ಉಜ್ಜಪ್ಪನದು. ಬಂದವರು ಅಣ್ಣಾ ಅಂದರೆ ಮೆದುಳನ್ನು ಕೇಳುವ ಗೋಜಿಗೇ ಹೋಗುವುದಿಲ್ಲ. ಅವಳ ಮುಂದೆ ಇಷ್ಟು ಕಾಲ ಒಂದು ಮಾತಿಗೂ ಏಳದೆ ಸತ್ತುಬಿದ್ದಿದ್ದ ಆ ನಾಲಿಗೆ, ಬೇಕಾದಾಗ ಬಾರದ ಆ ಹಾಳು ನಾಲಿಗೆ, ಈಗ ಮಾತ್ರ ಒಂದಿಷ್ಟೂ ತಡವರಿಸದೆ, ಸ್ಪಷ್ಟವಾಗಿ, ನಯವಾಗಿ ಅಂದುಬಿಟ್ಟಿತು:

"ಆಯ್ತಕ್ಕಾ."